ತಿರುಗಿ ಬರದ ವಿಮಾನ, ವೈರಿ ನುಡಿದ ಸಾಕ್ಷಿ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ, ಮನೆಗೆ ಬಂದರೆ ನಿದ್ದೆ.. ನೆಪಗಳಿಗೇನು ಬರವೇ? ಮೊನ್ನೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿಬಂದೆ. ಬಂದಾಗಿನಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಬರೆದು ಮುಗಿಸಿದರೇ ಸಮಾಧಾನ.

ನನ್ನ ಊರು ಇಳಕಲ್. ಆದರೆ ಈ ಸಲ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬಾಗಲಕೋಟೆಯಲ್ಲಿ ಇಳಿದೆ. ನವನಗರದಲ್ಲಿ ನಮ್ಮ ಸೋದರಮಾವನ ಮನೆ. ಮಾಮಾ ವಾಯುಪಡೆಯಲ್ಲಿದ್ದವರು. ಪೈಲಟ್ ಅಲ್ಲ, ಏರ್‌ಫ್ರೇಮ್ ಫಿಟ್ಟರ್. ಅಂದರೆ ವಿಮಾನದ ಮೈ ನೋಡಿಕೊಳ್ಳುವ ಮೆಕ್ಯಾನಿಕ್. 1976ರಲ್ಲಿ ಸೇರಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾದರು. ಚಿಕ್ಕವರಿದ್ದಾಗ ನಾವು ಹುಡುಗರೆಲ್ಲ "ಮಾಮಾ ವಿಮಾನ ಹಾರಿಸ್ತಾರ" ಅಂತ ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದೆವು. ಅವರು ಒಮ್ಮೆಯೂ ತಿದ್ದಲಿಲ್ಲ :-)

ಅತ್ತಿ ಸುಸಲಾ, ಮಿರ್ಚಿ ಮಾಡಿದ್ದರು. ತಿನ್ನುತ್ತ ಕೂತಾಗ, ರೈಲಿನಲ್ಲಿ ಫೋನಿನಲ್ಲಿ 'ಸ್ಕೈ ಫೋರ್ಸ್' ಸಿನಿಮಾ ನೋಡಿದೆ ಅಂದೆ. 2025ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾ, ನೀವೂ ನೋಡಿರಬಹುದು. ಮಾಮಾ ಚಹಾದ ಕಪ್ಪು ಕೆಳಗಿಟ್ಟರು.

"ಅದರಾಗ ಹೆಸರು ಬ್ಯಾರೆ ಇಟ್ಟಾರ. ಖರೇ ಹೆಸರು ಏನು, ಗೊತ್ತೈತೇನು ನಿನಗ?"

"ಇಲ್ರಿ ಮಾಮಾ."

"ನಮ್ಮ ಕರ್ನಾಟಕದವರಪಾ! ಕೊಡಗಿನವರು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಸಾಹೇಬರು. ಇಂಜಿನಿಯರಿಂಗ್ ಓದೀರಿ, ಇದು ಗೊತ್ತಿಲ್ಲ ನಿಮಗ!"

ನಾಚಿಕೆ ಆಯ್ತು. ನಿಮಗೆ ಮೊದಲೇ ಗೊತ್ತಿದ್ದರೆ ಕ್ಷಮಿಸಿ. ನನ್ನಂಥವರಿಗಾಗಿ ಅವರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

* * *

ಪೂರ್ತಿ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ನಮ್ಮ ಕಡೆ ಅಡ್ಡಹೆಸರು ಕೊನೆಗೆ ಬಂದರೆ ಕೊಡವರಲ್ಲಿ ಮನೆತನದ ಹೆಸರು ಮೊದಲು. ಅಜ್ಜಮಾಡ ಅನ್ನುವುದು ಮನೆತನ, ಬೋಪಯ್ಯ ತಂದೆ. ತಂದೆ ಡಾಕ್ಟರು. ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ವಾಯುಪಡೆಗೆ ಪೈಲಟ್ ಆಗಿ ಸೇರಿದ್ದು 1954ರ ಡಿಸೆಂಬರ್‌ನಲ್ಲಿ. ಮುಂದೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾದರು. ಹೆಂಡತಿ ಸುಂದರಿ. ಇಬ್ಬರು ಹೆಣ್ಣುಮಕ್ಕಳು.

1965ರ ಯುದ್ಧ ಶುರುವಾದಾಗ ಅವರನ್ನು ಒಂದನೇ ಸ್ಕ್ವಾಡ್ರನ್‌ಗೆ ಕಳಿಸಿದರು. 'ಟೈಗರ್ಸ್' ಅಂತ ಅದರ ಇನ್ನೊಂದು ಹೆಸರು. ಪಂಜಾಬಿನ ಆದಂಪುರದಲ್ಲಿ ಅದರ ನೆಲೆ. ಅವರ ಕೈಗೆ ಬಂದದ್ದು ಫ್ರೆಂಚರ ಮಿಸ್ಟೇರ್ ವಿಮಾನ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿದವು. ನೆಲದ ಮೇಲೆ ನಿಂತಿದ್ದ ನಮ್ಮ ಸುಮಾರು ಹತ್ತು ವಿಮಾನಗಳು ನಾಶವಾದವು. ಮರುದಿನ ಬೆಳಗಿನ ಜಾವವೇ ನಮ್ಮವರ ಉತ್ತರ. ಗುರಿ ಪಾಕಿಸ್ತಾನದ ವಾಯುಪಡೆಯ ದೊಡ್ಡ ನೆಲೆ ಸರ್ಗೋಧಾ. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಹನ್ನೆರಡು ಮಿಸ್ಟೇರ್‌ಗಳ ತಂಡ. ಆ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಅವರು ಮೀಸಲು ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಆ ಜಾಗಕ್ಕೆ ಹೋಗಬೇಕು. ಅವತ್ತು ಒಂದು ವಿಮಾನ ಹಿಂದೆ ಸರಿಯಬೇಕಾಯಿತು. ದೇವಯ್ಯ ತಂಡಕ್ಕೆ ಸೇರಿಕೊಂಡರು.

ಇನ್ನೂ ಕತ್ತಲು. ರೇಡಾರಿಗೆ ಸಿಗಬಾರದು ಅಂತ ನೆಲಕ್ಕೆ ಹತ್ತಿಕೊಂಡಂತೆ ಹಾರಾಟ. ಸರ್ಗೋಧಾ ಮಿಸ್ಟೇರಿನ ಮಟ್ಟಿಗೆ ದೂರದ ದಾರಿ, ಇಂಧನದ ಲೆಕ್ಕ ಬಿಗಿ. ಹೋಗಬೇಕು, ಹೊಡೆಯಬೇಕು, ತಿರುಗಬೇಕು ಅಷ್ಟೇ. ದಾರಿಯಲ್ಲಿ ಕಾದಾಡುತ್ತ ನಿಂತರೆ ಮನೆ ಮುಟ್ಟುವುದಿಲ್ಲ.

ದಾಳಿ ಮುಗಿಸಿ ಮಿಸ್ಟೇರ್‌ಗಳು ತಿರುಗುತ್ತಿದ್ದಾಗ ಬೆನ್ನಿಗೆ ಬಿದ್ದದ್ದು ಎಫ್-104 ಸ್ಟಾರ್‌ಫೈಟರ್. ಅಮೆರಿಕದ ವಿಮಾನ. ಶಬ್ದಕ್ಕಿಂತ ಎರಡು ಪಟ್ಟು ವೇಗ. ನಮ್ಮ ಮಿಸ್ಟೇರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ಮುಟ್ಟುವುದಿಲ್ಲ. ಸ್ಟಾರ್‌ಫೈಟರ್‌ನಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಬಿಟ್ಟ ಕ್ಷಿಪಣಿ ಗುರಿ ತಪ್ಪಿ ನೆಲಕ್ಕೆ ಬಿತ್ತು. ಆಮೇಲೆ ಫಿರಂಗಿಯಿಂದ ಹೊಡೆದರು. ಗುಂಡು ದೇವಯ್ಯನವರ ವಿಮಾನಕ್ಕೆ ತಾಗಿತು. ಇದರ ಕಥೆ ಮುಗಿಯಿತು ಅಂದುಕೊಂಡು ಹುಸೇನ್ ಬೇರೆ ಮಿಸ್ಟೇರ್‌ಗಳ ಕಡೆ ತಿರುಗಿದರು.

ಮುಗಿದಿರಲಿಲ್ಲ. ಪೆಟ್ಟು ತಿಂದ ಆ ಮಿಸ್ಟೇರ್ ಮತ್ತೆ ಎದುರಿಗೆ ಬಂತು. ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಇಬ್ಬರೂ ಸುತ್ತುತ್ತ ಕಾದಾಡಿದರು. ಕೊನೆಗೆ ಮಿಸ್ಟೇರಿನ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ವಿಮಾನ ಹಿಡಿತ ತಪ್ಪಿತು, ಹುಸೇನ್ ಹೊರಗೆ ಜಿಗಿದು ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯನವರ ಮಿಸ್ಟೇರ್ ಪಾಕಿಸ್ತಾನದ ನೆಲದಲ್ಲೇ ಬಿತ್ತು. ಅಲ್ಲಿನ ಹಳ್ಳಿಯ ಜನ ಅವರ ದೇಹವನ್ನು ಹೊಲದಲ್ಲಿ ಮಣ್ಣು ಮಾಡಿದರು. ಅವರಿಗೆ ಆಗ 32 ವರ್ಷ.

ಎರಡು ಪಟ್ಟು ವೇಗದ ವಿಮಾನವನ್ನು ಇಷ್ಟು ನಿಧಾನದ ವಿಮಾನ ಹೊಡೆಯೋದು ಹೆಂಗೆ ಅಂತ ನಾನು ಕೇಳಿದೆ. ಮಾಮಾ ಎರಡೂ ಅಂಗೈಗಳನ್ನು ವಿಮಾನ ಮಾಡಿ ತೋರಿಸಿದರು.

"ಹೈವೇ ಮ್ಯಾಲೆ ವೋಲ್ವೋ ಬಸ್ಸಿನ ಮುಂದ ನಿಮ್ಮ ಇಳಕಲ್ಲಿನ ಟಂಟಂ ನಡೀತೈತೇನು? ಇಲ್ಲ. ಆದ್ರ ಅದ ಬಸ್ಸು ಬಜಾರದ ಓಣಿಯಾಗ ಬರಲಿ, ಟಂಟಂ ಗರಕ್ಕನ ತಿರುಗಿ ಅದರ ಹಿಂದ ನಿಂತಿರತೈತಿ. ಸ್ಟಾರ್‌ಫೈಟರ್‌ದ ರೆಕ್ಕಿ ಗಿಡ್ಡ. ವೇಗ ಭಾಳ, ತಿರುವು ಅಗಲ. ಅದು ನೆಟ್ಟಗ ಓಡೂತನಕ ರಾಜಾ. ವೇಗ ಇಳಿಸಿ ಸುತ್ತಾಕ ನಿಂತ್ತೋ, ಸಿಕ್ಕಂಡಂಗ."

ಒಂದು ಕ್ಷಣ ಸುಮ್ಮನಿದ್ದು ಅಂದರು: "ಆದ್ರ ಅಷ್ಟು ತಿರುಗಬೇಕಂದ್ರ ಇಂಧನ ಸುಡಬೇಕು. ಪೆಟ್ಟು ತಿಂದ ವಿಮಾನ, ಇಂಧನ ಖಾಲಿ. ಮನಿಗೆ ಹೋಗೂದಿಲ್ಲ ಅಂತ ಗೊತ್ತಾದ ಮ್ಯಾಲೇ ತಿರುಗ್ಯಾರ ಅವರು."

* * *

ಈ ಕಥೆ ನಮ್ಮ ದೇಶದಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ. ನನ್ನ ತಲೆ ಕೊರೆಯುತ್ತಿರುವುದು ಇದೇ.

ಆದಂಪುರಕ್ಕೆ ಉಳಿದವರೆಲ್ಲ ಮರಳಿದರು. ದೇವಯ್ಯ ಬರಲಿಲ್ಲ. ಅವರು ಕಾದಾಡಿದ್ದನ್ನು ನಮ್ಮವರು ಯಾರೂ ನೋಡಿರಲಿಲ್ಲ. ದಾಖಲೆಯಲ್ಲಿ 'ಕಾಣೆಯಾಗಿದ್ದಾರೆ' ಅಂತ ಸೇರಿತು. ನಾವು ಕಂಪ್ಯೂಟರಿನವರಿಗೆ ಇದು ಅರ್ಥವಾಗುವ ಸಂಗತಿ. ಕ್ರ್ಯಾಶ್ ಆದ ಪ್ರೋಗ್ರಾಂ ತನ್ನ ಕೊನೆಯ ಸಾಲು ಬರೆಯುವುದಿಲ್ಲ. ಅದರ ಜೊತೆ ಮಾತಾಡುತ್ತಿದ್ದ ಇನ್ನೊಂದು ಸರ್ವರಿನ ಲಾಗ್ ತೆಗೆದು ನೋಡಬೇಕು. ಇಲ್ಲಿ ಆ ಇನ್ನೊಂದು ಲಾಗ್ ಇದ್ದದ್ದು ಗಡಿಯ ಆಚೆ.

ಅದೇ ಸೆಪ್ಟೆಂಬರಿನಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್‌ಗೆ ಆದದ್ದು ನೋಡಿ. ಜನರಲ್ ಕಾರಿಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರಿಯಪ್ಪ, ಇಪ್ಪತ್ತನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನ ಹಾರಿಸುತ್ತಿದ್ದರು. ಕದನವಿರಾಮದ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ನೆಲದಿಂದ ಹಾರಿದ ಗುಂಡಿಗೆ ಅವರ ವಿಮಾನ ಬಿತ್ತು. ಸೆರೆಸಿಕ್ಕರು. ಆದರೆ ಸೆರೆಸಿಕ್ಕ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ತಾನೇ ಸಾರಿತು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಅವರಿಗೆ ಕಾರಿಯಪ್ಪನವರು ದೇಶ ಒಡೆಯುವ ಮುಂಚಿನ ಸೇನೆಯಿಂದಲೇ ಗೊತ್ತು. ಮಗನ ಬಗ್ಗೆ ಅವರು ಹೇಳಿ ಕಳಿಸಿದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಏನೂ ಬೇಡ ಅನ್ನುವ ಅರ್ಥದಲ್ಲಿ ಕಾರಿಯಪ್ಪ ಉತ್ತರಿಸಿದರು. ಈ ಮಾತನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಮಗ 1966ರ ಜನವರಿಯಲ್ಲಿ ಬಿಡುಗಡೆಯಾಗಿ ಬಂದರು, ಮುಂದೆ ಏರ್ ಮಾರ್ಷಲ್ ಹುದ್ದೆಗೆ ಏರಿದರು.

ಒಂದೇ ಜಿಲ್ಲೆ, ಒಂದೇ ಯುದ್ಧ, ನಡುವೆ ಹದಿನೈದು ದಿನ. ಒಂದು ಮನೆಗೆ ಸುದ್ದಿ ಸಿಕ್ಕಿತು, ದುಃಖವೋ ಧೈರ್ಯವೋ ಹಿಡಿದುಕೊಳ್ಳಲು ಏನೋ ಒಂದು ಇತ್ತು. ಇನ್ನೊಂದು ಮನೆಗೆ 'ಕಾಣೆ' ಅನ್ನುವ ಒಂದೇ ಮಾತು. ಸೆರೆಯಾದವರ ವಿನಿಮಯ ಆಯ್ತು, ದೇವಯ್ಯ ಅವರಲ್ಲಿ ಇರಲಿಲ್ಲ.

ವಿಚಿತ್ರ ಏನಂದರೆ, ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಹತ್ತಿರ ನಮ್ಮವರ ಗುಂಡಿಗೆ ಸಿಕ್ಕಿ ಸೆರೆಯಾದರು. ದೇವಯ್ಯನವರ ಕೊನೆಯ ಹಾರಾಟವನ್ನು ಎದುರಿನಿಂದ ಕಂಡ ಮನುಷ್ಯ ನಮ್ಮ ದೇಶದಲ್ಲೇ ಇದ್ದರು. ಆದರೂ ನಮ್ಮ ದಾಖಲೆ ಬದಲಾಗಲಿಲ್ಲ.

ಬದಲಾಗಲು 1979 ಬರಬೇಕಾಯಿತು. ಜಾನ್ ಫ್ರಿಕರ್ ಅನ್ನುವ ಇಂಗ್ಲಿಷ್ ಬರಹಗಾರ 1965ರ ವಾಯುಯುದ್ಧದ ಬಗ್ಗೆ, ಅದೂ ಪಾಕಿಸ್ತಾನದ ವಾಯುಪಡೆಯ ನೆರವಿನಿಂದಲೇ, ಒಂದು ಪುಸ್ತಕ ಬರೆದರು. ಅದರಲ್ಲಿ ಇತ್ತು: ಸೆಪ್ಟೆಂಬರ್ 7ರಂದು ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಜೊತೆ ಕಾದಾಡಿ ಬಿತ್ತು ಅಂತ. ನಮ್ಮವರು ಲೆಕ್ಕ ಹಾಕಿದರು. ಮರಳಿ ಬಂದ ಯಾವ ಮಿಸ್ಟೇರ್ ಪೈಲಟ್ಟೂ ಸ್ಟಾರ್‌ಫೈಟರ್ ಹೊಡೆದೆ ಅಂದಿರಲಿಲ್ಲ. ಹಾಗಾದರೆ ಹೊಡೆದವರು ಮರಳದೇ ಹೋದವರೇ. ಅಂದು ತಂಡ ನಡೆಸಿದ್ದ ತನೇಜಾ ಅವರು ದೇವಯ್ಯನವರ ಪರವಾಗಿ ದನಿ ಎತ್ತಿದರು. 1988ರಲ್ಲಿ, ಅಂದರೆ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಯುದ್ಧದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರದ್ದು ಅದೇ. ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ಮಡಿಕೇರಿಯಲ್ಲಿ ಈಗ ಅವರ ಪ್ರತಿಮೆ ಇದೆ.

* * *

ಮಾಮಾನ ಹಳೇ ಮಾರುತಿಯಲ್ಲಿ ಇಳಕಲ್ಲಿಗೆ ಹೊರಟೆವು. ನೇರ ದಾರಿ ಬಿಟ್ಟು ಬಾದಾಮಿ ಮೇಲಿಂದ ಹೋಗೋಣ ಅಂತ ನಾನೇ ಹಟ ಮಾಡಿದೆ. ಅಗಸ್ತ್ಯ ತೀರ್ಥದ ದಂಡೆ ಮೇಲೆ ಭೂತನಾಥ ಗುಡಿಯ ಮೆಟ್ಟಿಲಲ್ಲಿ ಕೂತಾಗ ನನಗೆ ಒಂದು ಹೊಳೆಯಿತು.

ನಮ್ಮ ಪುಲಿಕೇಶಿಯ ಗೆಲುವುಗಳೆಲ್ಲ ಐಹೊಳೆಯ ಮೇಗುತಿ ಗುಡಿಯ ಗೋಡೆ ಮೇಲಿವೆ. ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದದ್ದು. ಹರ್ಷವರ್ಧನನನ್ನು ಸೋಲಿಸಿದ್ದು ಅದರಲ್ಲಿದೆ. ಆದರೆ 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದ. ಆ ಸುದ್ದಿ ಹೇಳುವುದು ಇದೇ ಬಾದಾಮಿಯ ಬಂಡೆಯ ಮೇಲೆ ಅವನು ಕೆತ್ತಿಸಿದ ಶಾಸನ. ಬರೆದವನು ವೈರಿ. ಅವನು ಬರೆಯದಿದ್ದರೆ ನಮ್ಮ ಊರಿನ ಇತಿಹಾಸದ ಒಂದು ಪುಟವೇ ಇರುತ್ತಿರಲಿಲ್ಲ. ದೇವಯ್ಯನವರ ವಿಷಯದಲ್ಲೂ ಪುಟ ಸಿಕ್ಕಿದ್ದು ಆ ಕಡೆಯಿಂದಲೇ. ಬಾದಾಮಿಯಲ್ಲಿ ವೈರಿ ಬರೆದದ್ದು ತನ್ನ ಗೆಲುವು. ಇಲ್ಲಿ ವೈರಿ ಕಡೆಯವರು ಹೇಳಿದ್ದು ತಮ್ಮ ಸೋಲು. ಅದಕ್ಕೆ ಇದರ ತೂಕ ಹೆಚ್ಚು. ತನ್ನನ್ನು ಹೊಡೆದವನ ಬಗ್ಗೆ ಯಾರೂ ಸುಮ್ಮಸುಮ್ಮನೆ ಹೊಗಳಿಕೆ ಕಟ್ಟುವುದಿಲ್ಲ.

ಇದನ್ನೇ ಮಾಮಾಗೆ ಹೇಳಿದೆ. ಅವರು ಕೆರೆ ನೋಡುತ್ತ ಕೂತರು. ಆಮೇಲೆ ನಾನು ಇಷ್ಟು ವರ್ಷದಲ್ಲಿ ಎಂದೂ ಕೇಳದ ಮಾತೊಂದನ್ನು ಹೇಳಿದರು.

1981ರಲ್ಲಿ ಅವರಿಗೆ 24 ವರ್ಷ. ಒಂದು ಬೆಳಿಗ್ಗೆ ಒಂದು ಮಿಗ್ ವಿಮಾನವನ್ನು ಪರೀಕ್ಷಿಸಿ ಫಾರ್ಮ್ 700ಕ್ಕೆ ಸಹಿ ಹಾಕಿದ್ದರು. ವಿಮಾನ ಹಾರಲು ಯೋಗ್ಯವಾಗಿದೆ ಅಂತ ಮೆಕ್ಯಾನಿಕ್ ಸಹಿ ಹಾಕುವ ದಾಖಲೆ ಅದು. ಪೈಲಟ್ ಇವರ ವಯಸ್ಸಿನವರೇ. ಏಣಿ ಹತ್ತುವಾಗ ಇವರ ಹೆಗಲು ತಟ್ಟಿ ಹತ್ತಿದರಂತೆ. ಆ ವಿಮಾನ ತಿರುಗಿ ಬರಲಿಲ್ಲ.

"ನಾವು ನೆಲದಾಗ ನಿಂತು ಎಣಿಸತಿದ್ವಿ. ನಾಕು ಹೋದ್ರ ನಾಕು ಬರಬೇಕು. ಅವತ್ತ ಮೂರ ಬಂದ್ವು. ನಾಕನೇದು ಈಗ ಬಂದೀತು, ಈಗ ಬಂದೀತು ಅಂತ ಕತ್ತಲ ಆಗೂತನಕ ನಿಂತಿದ್ದೆ."

ವಿಚಾರಣೆ ಶುರುವಾಯಿತು. ದಾಖಲೆ ಸೀಲ್ ಮಾಡಿದರು. ಇವರನ್ನು ಯಾರೂ ತಪ್ಪಿತಸ್ಥ ಅನ್ನಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಹನ್ನೊಂದು ತಿಂಗಳು ಇವರು ರಾತ್ರಿ ಮಲಗಿದಲ್ಲೇ ಅವತ್ತಿನ ಒಂದೊಂದು ಬೋಲ್ಟನ್ನೂ ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದರಂತೆ. ಕೊನೆಗೆ ವರದಿ ಬಂತು. ಇಂಜಿನ್‌ಗೆ ಹಕ್ಕಿ ಬಡಿದಿತ್ತು.

"ಅಷ್ಟ ಮಾತು ಕೇಳಾಕ ಹನ್ನೊಂದು ತಿಂಗಳು. 1988ರಾಗ ನಾನು ಸರ್ವಿಸ್‌ನಾಗ ಇದ್ದೆ. ದೇವಯ್ಯ ಸಾಹೇಬರಿಗೆ ಮಹಾವೀರ ಚಕ್ರ ಬಂತು ಅಂದಾಗ ಹ್ಯಾಂಗರಿನಾಗ ಎಲ್ಲಾರೂ ಸ್ಟಾರ್‌ಫೈಟರ್ ಮಾತೇ ಆಡಿದ್ರು. ನನಗ ಮಾತ್ರ ಆ ಅವ್ವನ ಚಿಂತಿ. ನನಗ ಹನ್ನೊಂದು ತಿಂಗಳು ತಡಕೊಳ್ಳಾಕ ಆಗಲಿಲ್ಲ. ಆಕಿಗೆ ಇಪ್ಪತ್ಮೂರು ವರ್ಷ!"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಾಮಾನ ಕೈ ಹಿಡಿದುಕೊಳ್ಳುವಷ್ಟು ಸಲಿಗೆ ನಮ್ಮ ಮನೆಗಳಲ್ಲಿ ಇಲ್ಲ. "ಚಹಾ ಕುಡಿಯೂಣ ಬರ್ರಿ" ಅಂದೆ ಅಷ್ಟೇ.

* * *

ಪಟ್ಟದಕಲ್ಲು ದಾಟಿ ಐಹೊಳೆಯಲ್ಲಿ ಸ್ವಲ್ಪ ಹೊತ್ತು ಇಳಿದೆವು. ವೀರಗಲ್ಲು ನೀವು ನೋಡಿಯೇ ಇರುತ್ತೀರಿ. ಸಾಮಾನ್ಯವಾಗಿ ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ದನ ಕಾಯಲು ಹೋಗಿ ಸತ್ತವನಿಗೂ ನಮ್ಮ ನಾಡಿನಲ್ಲಿ ಕಲ್ಲು ನಿಂತಿದೆ. ಮಂಡ್ಯದ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೂ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದಾರೆ. ಇವೆಲ್ಲ ಸತ್ತವರ ಹೊಗಳಿಕೆಗೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಈಗ ಅನ್ನಿಸುತ್ತದೆ, ಅವು ಉಳಿದವರಿಗೂ ಬೇಕಾಗಿದ್ದವು. ನಿನ್ನ ಗಂಡ, ನಿನ್ನ ಅಪ್ಪ ಇಲ್ಲಿ, ಹೀಗೆ, ಇದಕ್ಕಾಗಿ ಸತ್ತ ಅಂತ ಊರೇ ನಿಂತು ಹೇಳುವ ಮಾತು ಅದು. ಕೆಳಗಿನ ಕಾದಾಟದ ಪಟ್ಟಿಕೆ ಇಲ್ಲದಿದ್ದರೆ ಮೇಲಿನ ಎರಡನ್ನೂ ಮನಸ್ಸು ಒಪ್ಪುವುದಿಲ್ಲ. ದೇವಯ್ಯನವರ ಮನೆಯವರಿಗೆ ಆ ಕೆಳಗಿನ ಪಟ್ಟಿಕೆ ಸಿಗಲು 23 ವರ್ಷ ಹಿಡಿಯಿತು.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದ ದಾಟಿ, ಇಳಕಲ್ ಮುಟ್ಟುವಾಗ ಕತ್ತಲಾಗಿತ್ತು. ಊಟ ಮಾಡುವಾಗ ಅವ್ವಗೆ ದೇವಯ್ಯನವರ ಕಥೆ ಹೇಳಿದೆ. ಮಿಸ್ಟೇರ್, ಸ್ಟಾರ್‌ಫೈಟರ್ ಏನೂ ಅವಳಿಗೆ ಬೇಕಿರಲಿಲ್ಲ. ರೊಟ್ಟಿ ಹಾಕುತ್ತ ಒಂದೇ ಕೇಳಿದಳು:

"ಮಕ್ಕಳಿಗೆ ಏನಂತ ಹೇಳಿದ್ದಾಳೋ ಯವ್ವಾ ಆ ತಾಯಿ, ಅಷ್ಟು ವರ್ಷ?"

ಮಾಮಾ ತಲೆ ಎತ್ತಲಿಲ್ಲ. ತಮ್ಮನ ಹನ್ನೊಂದು ತಿಂಗಳ ಬಗ್ಗೆ ಅವ್ವಗೂ ಗೊತ್ತಿಲ್ಲ. ಬಾದಾಮಿಯ ಮಾತು ಇಲ್ಲಿ ಬರೆಯಲೇ ಅಂತ ಹೊರಡುವ ದಿನ ಮಾಮಾನನ್ನು ಕೇಳಿದೆ. "ಹೆಸರು ಹಾಕಬ್ಯಾಡ. ಉಳಿದದ್ದು ಬರಿ. ಬರದರ ಛಲೋನ" ಅಂದರು. ಅದಕ್ಕೇ ಹೆಸರು ಹಾಕಿಲ್ಲ.

ಈಗ ನಿಮ್ಮಲ್ಲೊಂದು ಮಾತು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಸೇನೆಯಲ್ಲಿ ಇದ್ದು ಬಂದವರು ಒಬ್ಬರಾದರೂ ಇರುತ್ತಾರೆ. ಪೈಲಟ್ಟೇ ಆಗಬೇಕಿಲ್ಲ, ಪದಕವೂ ಬೇಕಿಲ್ಲ. ಅಡುಗೆಯವರು, ಡ್ರೈವರು, ಬೋಲ್ಟ್ ಬಿಗಿದವರು ಯಾರಾದರೂ ಸರಿ. ರಜೆಗೆ ಹೋದಾಗ ಅವರ ಪಕ್ಕ ಕೂತು ಒಂದು ಕಪ್ಪು ಚಹಾ ಕುಡಿಯಿರಿ, ಕೇಳಿಸಿಕೊಳ್ಳಿ, ಒಪ್ಪಿದರೆ ಬರೆಯಿರಿ. ಬ್ಲಾಗ್ ಬಿಟ್ಟಿ, ಕನ್ನಡ ಟೈಪಿಂಗ್ ಬರುತ್ತದೆ, ಇನ್ನೇನು ಬೇಕು? ನಮ್ಮವರ ಕಥೆ ನಮಗೆ ಗೊತ್ತಾಗಲು ಪ್ರತಿ ಸಲವೂ ಆಚೆ ಕಡೆಯವರೇ ಪುಸ್ತಕ ಬರೆಯಲಿ ಅಂತ ಕಾಯುವುದು ಬೇಡ.

ಕರದಂಟು ಇನ್ನೂ ಎರಡು ತುಂಡು ಉಳಿದಿದೆ. ಬೇಕಾದವರು ಬೇಗ ಬನ್ನಿ.

ಮತ್ತೆ ಸಿಗೋಣ..